ಆರು ಸೀಟು, 73 ಕಿಲೋ

ಒಳಗೇ ಹಾಸಿಗೆ, ಅಡುಗೆಮನೆ ಇರುವ ಮೋಟರ್‌ಹೋಮ್ ಗಾಡಿಗಳನ್ನು ಮಾರುವ ಅಂಗಳಗಳಿಗೆ ಹೋದರೆ ಗಾಡಿಯ ಗಾಜಿಗೆ ಅಂಟಿಸಿದ ಹಾಳೆಯನ್ನು ಓದುವುದು ನನಗೀಗ ಚಟವಾಗಿಬಿಟ್ಟಿದೆ. ಬೆಲೆ, ಓಡಿದ ಮೈಲಿ, ತಯಾರಾದ ವರ್ಷ. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ಎಷ್ಟು ಜನ ಬೆಲ್ಟ್ ಕಟ್ಟಿಕೊಂಡು ಕೂರಬಹುದು, ಎಷ್ಟು ಜನ ಮಲಗಬಹುದು ಎಂಬ ವಿವರ. ಆರು ಸೀಟು, ಆರು ಹಾಸಿಗೆ. ಆ ಆರೂ ಜನ ಕೂತ ಮೇಲೆ ಗಾಡಿ ಇನ್ನೆಷ್ಟು ಕಿಲೋ ಹೊರಬಲ್ಲದು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಕೇಳಿದರೆ ಮಾರಾಟಗಾರ ಒಳಗೆ ಹೋಗಿ ಕರಪತ್ರ ಹುಡುಕಿ ತರುತ್ತಾನೆ. ಕೊನೆಯ ಪುಟದ ಕೋಷ್ಟಕದಲ್ಲಿ, ಅಡಿಟಿಪ್ಪಣಿಗಳ ನಡುವೆ, ಪೇಲೋಡ್, ಎಂದರೆ ಖಾಲಿ ಗಾಡಿಯ ಮೇಲೆ ಜನ, ಸಾಮಾನು ಸೇರಿ ಹೇರಬಹುದಾದ ಭಾರ, ಎಂಬ ಸಾಲೊಂದು ಸಿಗುತ್ತದೆ. ನಮ್ಮ ಗಾಡಿಗೆ ಅಲ್ಲಿ 470 ಕಿಲೋ ಎಂದು ಬರೆದಿತ್ತು. ಅರ್ಧ ಟನ್ನಿಗೆ ಹತ್ತಿರ; ಒಂದು ಸಂಸಾರಕ್ಕೆ ಇನ್ನೇನು ಬೇಕು ಎಂದು ಯಾರಿಗಾದರೂ ಅನ್ನಿಸುವ ಸಂಖ್ಯೆ.

ನಾವಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಬೇಸಿಗೆಯಲ್ಲಿ ಅಪ್ಪ ಅಮ್ಮ ಮಂಡ್ಯದ ಕಡೆಯಿಂದ ಬರುತ್ತಾರೆ. ಹೋಟೆಲಿನ ಊಟ ಅಪ್ಪನಿಗೆ ಎರಡನೆಯ ಹೊತ್ತಿಗೇ ಬೇಸರ, ಅಮ್ಮನಿಗೆ ಮೊದಲನೆಯ ಹೊತ್ತಿಗೇ. ಅಡುಗೆಮನೆ ಜೊತೆಗೇ ಬರುವ ವಾಹನ ಬೇಕೆಂದು ಫಿಯಟ್ ಡುಕಾಟೋ ಎಂಬ ವ್ಯಾನಿನ ಚಾಸಿಯ ಮೇಲೆ ಕಟ್ಟಿದ, ಏಳು ಮೀಟರಿಗಿಂತ ತುಸು ಉದ್ದದ ಹಳೆಯ ಗಾಡಿಯೊಂದನ್ನು ಕೊಂಡೆವು. ನಾವಿಬ್ಬರು, ಇಬ್ಬರು ಮಕ್ಕಳು, ಅಪ್ಪ, ಅಮ್ಮ: ಸರಿಯಾಗಿ ಆರು ಜನ. ಕರಪತ್ರದಲ್ಲಿ ನಗುತ್ತಾ ಕುಳಿತಿರುವ ಸಂಸಾರ ನಮ್ಮದೇ ಎಂಬಂತಿತ್ತು.

ಖಾಲಿ ಗಾಡಿ ಎಂದರೆ ಎಷ್ಟು ಖಾಲಿ

470 ಎಲ್ಲಿಂದ ಬಂತು ಎಂದು ಮೊದಲು ನೋಡಬೇಕು. ಗಾಡಿಯ ಬಾನೆಟ್ ಕೆಳಗೆ, ಕೆಲವದರಲ್ಲಿ ಬಾಗಿಲಿನ ಚೌಕಟ್ಟಿನ ಮೇಲೆ, ಒಂದು ತಗಡಿನ ಫಲಕ ಇರುತ್ತದೆ. ಅದರ ಮೇಲೆ ಒಂದರ ಕೆಳಗೊಂದು ನಾಲ್ಕು ತೂಕಗಳು: ಗಾಡಿಯ ಒಟ್ಟು ತೂಕದ ಮಿತಿ, ಹಿಂದೆ ಟ್ರೇಲರ್ ಕಟ್ಟಿದಾಗಿನ ಮಿತಿ, ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮಿತಿ, ಹಿಂದಿನ ಆಕ್ಸಲ್ ಮಿತಿ. ನಮ್ಮದರಲ್ಲಿ ಒಟ್ಟು 3,500, ಮುಂದೆ 1,850, ಹಿಂದೆ 2,000. ತಯಾರಕರು ಹೇಳುವ ‘ಓಡಲು ಸಿದ್ಧವಾದ ಗಾಡಿ’ಯ ತೂಕ 3,030. ಕಳೆದರೆ 470.

ಈ ಸಿದ್ಧ ಗಾಡಿಯೊಳಗೆ ಏನೇನಿದೆ ಎಂಬುದಕ್ಕೆ ಯುರೋಪಿನ ನಿಯಮವಿದೆ. ಡೀಸೆಲ್ ಟ್ಯಾಂಕ್ ನೂರಕ್ಕೆ 90 ಭಾಗ ತುಂಬಿರಬೇಕು, 75 ಕಿಲೋದ ಒಬ್ಬ ಚಾಲಕ ಕೂತಿರಬೇಕು. ಕುಡಿಯುವ ನೀರು ಎಷ್ಟು ಎಂಬುದನ್ನು ಅಡಿಟಿಪ್ಪಣಿಯಲ್ಲಿ ನೋಡಬೇಕು; ಟ್ಯಾಂಕ್ ತುಂಬಿದೆ ಎಂದು ಲೆಕ್ಕ ಹಾಕದೆ ‘ಪ್ರಯಾಣಕ್ಕೆ ಬೇಕಾದಷ್ಟು’ ಎಂದು ಕಡಿಮೆ ನೀರು ತೋರಿಸಲು ತಯಾರಕರಿಗೆ ಅವಕಾಶವಿದೆ. ನಮ್ಮ ಟ್ಯಾಂಕ್ 100 ಲೀಟರಿನದು, ಲೆಕ್ಕದಲ್ಲಿರುವುದು 20. ಪೂರ್ತಿ ತುಂಬಿದರೆ 80 ಕಿಲೋ ಹೋಯಿತು. ಚಾಲಕನಾದ ನಾನು 84 ಕಿಲೋ ಇದ್ದೇನೆ, 9 ಹೋಯಿತು. ಹಿಂದಿನ ಮಾಲೀಕ ಹಾಕಿಸಿದ ಬಿಸಿಲು ಮರೆ, ಸೌರ ಫಲಕ, ಎರಡನೆಯ ಬ್ಯಾಟರಿ, ಸೈಕಲ್ ಕಟ್ಟುವ ಚೌಕಟ್ಟು ಎಲ್ಲ ಸೇರಿ ಸುಮಾರು 75. ಮಾರುವಾಗ ಇವೆಲ್ಲ ‘ಹೆಚ್ಚುವರಿ ಸೌಲಭ್ಯ’. ತೂಕದ ಲೆಕ್ಕದಲ್ಲಿ ಒಂದೊಂದೂ ಕಳೆಯುವ ಬಾಬ್ತು.

ಆಮೇಲೆ ಜನ. ಹಜಾರದಲ್ಲಿ ಸ್ನಾನದ ಮನೆಯ ತೂಕದ ಯಂತ್ರ ಇಟ್ಟು ಒಬ್ಬೊಬ್ಬರನ್ನೇ ನಿಲ್ಲಿಸಿದೆವು. ಮಕ್ಕಳಿಗೆ ಇದು ಆಟ. ಅಮ್ಮನಿಗೆ ಮಾತ್ರ ಎಲ್ಲರೆದುರು ತೂಗಿಸಿಕೊಳ್ಳುವುದು ಇಷ್ಟವಾಗಲಿಲ್ಲ. ಕೊನೆಗೆ ನಿಂತಳು, ಕೆಳಗೆ ನೋಡಿದಳು, "ಸೀರೆಯದು ಒಂದು ಕಿಲೋ ಕಳೆ" ಎಂದಳು. ಸೀರೆಯೂ ಗಾಡಿಯಲ್ಲೇ ಬರುತ್ತದಲ್ಲಮ್ಮ ಎಂದರೆ, ಹಾಗಾದರೆ ನಿನ್ನ ಹೆಂಡತಿಯ ಬೂಟನ್ನೂ ಸೇರಿಸಿಕೋ ಎಂಬ ಉತ್ತರ. ನನ್ನನ್ನು ಬಿಟ್ಟು ಐವರ ಒಟ್ಟು ತೂಕ 267 ಕಿಲೋ.

ಕರಪತ್ರದ ಲೆಕ್ಕವನ್ನೇ ನಂಬಿದರೂ ಉಳಿದದ್ದು 119 ಕಿಲೋ. ನೀರಿನ ಟ್ಯಾಂಕ್ ಪೂರ್ತಿ ತುಂಬಿದರೆ 39. ಆರು ಜನರ ಬಟ್ಟೆ, ಹೊದಿಕೆ, ಪಾತ್ರೆ, ದಿನಸಿ, ಮಡಚುವ ಕುರ್ಚಿ, ಮೇಜು, ಮಕ್ಕಳ ಸೈಕಲ್ಲುಗಳೆಲ್ಲ ಇಷ್ಟರೊಳಗೆ ಬರಬೇಕು. ಅಡಿಟಿಪ್ಪಣಿಗಳಲ್ಲಿ ಇನ್ನೊಂದು ಸಾಲಿದೆ: ಸಿದ್ಧ ಗಾಡಿಯ ತೂಕ ಹೇಳಿದ್ದಕ್ಕಿಂತ 5 ಶೇಕಡಾ ಹೆಚ್ಚುಕಡಿಮೆ ಇರಬಹುದು. 3,030ಕ್ಕೆ 5 ಶೇಕಡಾ ಎಂದರೆ 151 ಕಿಲೋ. ತಯಾರಕರಿಗೆ ಕೊಟ್ಟಿರುವ ವಿನಾಯಿತಿಯೇ ನಮಗೆ ಉಳಿದದ್ದಕ್ಕಿಂತ ಹೆಚ್ಚು. ನನಗೆ ಸಿಟ್ಟು ಬಂದದ್ದು ಈ ಸಾಲನ್ನು ಓದಿದಾಗ. ಮರದ ಹಲಗೆಯ ತೇವ, ಅಂಟಿನ ದಪ್ಪ ಇವೆಲ್ಲ ಗಾಡಿಯಿಂದ ಗಾಡಿಗೆ ಬೇರೆಯಾಗುತ್ತವೆ, ಹಾಗಾಗಿ ಒಂದಿಷ್ಟು ವಿನಾಯಿತಿ ಬೇಕು ಎಂಬುದು ನ್ಯಾಯವೇ. ಆದರೆ ಆ ವ್ಯತ್ಯಾಸ ಕೊಳ್ಳುವವನ ಪಾಲಿನಿಂದ ಮಾತ್ರ ಹೋಗುತ್ತದೆ. ಅವನ ಮಿತಿಗೆ 5 ಶೇಕಡಾ ಯಾರೂ ಸೇರಿಸುವುದಿಲ್ಲ.

ಆದ್ದರಿಂದ ಕೊಂಡ ಹೊಸತರಲ್ಲೇ ಗಾಡಿಯನ್ನು ಊರ ಹೊರಗಿನ ಕಲ್ಲುಗಣಿಯಲ್ಲಿ ಗಾಡಿಗಳನ್ನೇ ತೂಗುವ ವೇಬ್ರಿಜ್‌ಗೆ ಒಯ್ದು ಖಾಲಿ ತೂಕ ತೆಗೆಸಿದ್ದೆ. ಡೀಸೆಲ್ ಪೂರ್ತಿ, ನೀರು 20 ಲೀಟರ್, ಒಳಗೆ ನಾನೊಬ್ಬನೇ. ನನ್ನ ಲೆಕ್ಕದಂತೆ 3,120ರ ಆಸುಪಾಸು ಬರಬೇಕಿತ್ತು. ಚೀಟಿಯಲ್ಲಿ ಬಂದದ್ದು 3,160. ಉಳಿದ ಐವರ 267 ಸೇರಿಸಿ, 3,500ರಿಂದ ಕಳೆದರೆ 73. ಆರು ಜನ ಕೂತ ಮೇಲೆ ಆ ಗಾಡಿ ಹೊರಬಲ್ಲ ಸಾಮಾನು ಇಷ್ಟೇ, ತಲೆಗೆ 12 ಕಿಲೋ. ವಿಮಾನದಲ್ಲಿ ಬೆಂಗಳೂರಿನಿಂದ ಬರುವಾಗ ಅಪ್ಪ ಅಮ್ಮ ಒಬ್ಬೊಬ್ಬರೂ ಇದರ ಎರಡರಷ್ಟು ತಂದಿದ್ದರು.

ಸೊನ್ನೆ ಇದೆಯೇ ನೋಡು

ಸ್ಕಾಟ್ಲೆಂಡಿಗೆ ಹೊರಡುವ ಹಿಂದಿನ ದಿನ ಎಲ್ಲವನ್ನೂ ತುಂಬಿಕೊಂಡು ಮತ್ತೆ ಅದೇ ಕಲ್ಲುಗಣಿಗೆ ಹೋದೆವು. ತುಂಬಿದ ಗಾಡಿಯ ತೂಕ ಎಂದರೆ ಜನರೂ ಸೇರಿ, ಹಾಗಾಗಿ ಎಲ್ಲರೂ ಬರಲೇಬೇಕಿತ್ತು. ಅಪ್ಪನಿಗೆ ಪ್ರವಾಸದ ಬಗ್ಗೆ ಇಲ್ಲದ ಉತ್ಸಾಹ ಈ ತೂಕದ ಬಗ್ಗೆ. ಕಬ್ಬು ಬೆಳೆದವರಿಗೆ ವೇಬ್ರಿಜ್ ಏನೆಂದು ಹೇಳಿಕೊಡಬೇಕಾಗಿಲ್ಲ. ತುಂಬಿದ ಗಾಡಿ ಒಳಗೆ ಹೋಗುವಾಗ ಒಮ್ಮೆ ತೂಕ, ಕಬ್ಬು ಇಳಿಸಿ ಹೊರಗೆ ಬರುವಾಗ ಒಮ್ಮೆ. ಎರಡರ ವ್ಯತ್ಯಾಸಕ್ಕೆ ದುಡ್ಡು. ಆ ವ್ಯತ್ಯಾಸದಲ್ಲಿ ಒಂದು ಕ್ವಿಂಟಲ್ ಆಚೀಚೆಯಾದರೆ ಯಾರಿಗೆ ಲಾಭ ಎಂಬ ಅನುಮಾನದಲ್ಲೇ ಅಪ್ಪ ಜೀವಮಾನ ಕಳೆದವರು. ಅಲ್ಲಿ ಮುಳ್ಳು ಮೇಲೆ ಹೋಗಲಿ ಎಂದು ಕಾಯುತ್ತಿದ್ದವರು ಇಲ್ಲಿ ಕೆಳಗೆ ನಿಲ್ಲಲಿ ಎಂದು ಕಾಯಬೇಕಾಗಿ ಬಂದದ್ದು ಅವರಿಗೆ ಬಹಳ ತಮಾಷೆಯಾಗಿ ಕಂಡಿತು.

ಗಾಡಿ ತಟ್ಟೆಯ ಮೇಲೆ ಹತ್ತುವ ಮೊದಲೇ ಅಪ್ಪ ಬಾಗಿಲು ತೆಗೆದು ಇಳಿದುಬಿಟ್ಟರು. "ಸೊನ್ನೆ ಇದೆಯೇ ನೋಡಿಕೊಂಡು ಬರುತ್ತೇನೆ" ಎಂದು ಕೊಠಡಿಯ ಕಿಟಕಿಯ ಬಳಿ ಹೋಗಿ, ಒಳಗಿನ ಕೆಂಪು ಅಂಕಿಗಳನ್ನು ಬಗ್ಗಿ ನೋಡಿದರು. ಸೊನ್ನೆ ಇತ್ತು. ನನ್ನ ಕಡೆಗೆ ಕೈಬೀಸಿದರು. ಗಾಡಿ ಹತ್ತಿಸಿದೆ. ಆಮೇಲೆ ತಟ್ಟೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಾಲ್ಕೂ ಚಕ್ರ ಒಳಗಿವೆಯೇ, ಅಂಚಿನಲ್ಲಿ ಕಲ್ಲು ಸಿಕ್ಕಿಕೊಂಡಿದೆಯೇ ಎಂದೆಲ್ಲ ನೋಡಿದರು. ಒಳಗಿದ್ದ ಇಂಗ್ಲಿಷಿನವನು ಇಂಥ ಗಿರಾಕಿಯನ್ನು ಹಿಂದೆ ಕಂಡಿರಲಿಕ್ಕಿಲ್ಲ. ಆದರೂ ತಾಳ್ಮೆಯಿಂದ ಕಾದ. ಪರದೆಯ ಮೇಲೆ 3,480 ಬಂತು. ಹೆಂಡತಿ ಹಿಂದಿನ ಸೀಟಿನಿಂದ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಮಗಳು, "ತಾತ ಹೊರಗೇ ಇದ್ದಾರೆ" ಎಂದಳು.

ತಾತ ಒಳಗೆ ಬಂದು ಕೂತರು. 3,560.

ಈ ವೇಬ್ರಿಜ್ 20 ಕಿಲೋದ ಮೆಟ್ಟಿಲುಗಳಲ್ಲಿ ತೋರಿಸುವಂಥದು, ಹಾಗಾಗಿ 72 ಕಿಲೋದ ಅಪ್ಪ ಅಲ್ಲಿ 80 ಆಗಿ ಕಂಡರು. ಆಮೇಲೆ ಮುಂದಿನ ಚಕ್ರಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ ಒಂದು ತೂಕ, ಮುಂದೆ ಸರಿಸಿ ಹಿಂದಿನ ಚಕ್ರಗಳದ್ದೊಂದು ತೂಕ. ಮುಂದೆ 1,520, ಹಿಂದೆ 2,040. ಒಟ್ಟು ಮಿತಿಗಿಂತ 60 ಹೆಚ್ಚು, ಹಿಂದಿನ ಆಕ್ಸಲ್ ಮಿತಿಗಿಂತ 40 ಹೆಚ್ಚು. ಮುಂದಿನ ಆಕ್ಸಲ್‌ನಲ್ಲಿ ಮಾತ್ರ ಮುನ್ನೂರಕ್ಕೂ ಹೆಚ್ಚು ಕಿಲೋ ಜಾಗ ಸುಮ್ಮನೆ ಬಿದ್ದಿತ್ತು.

ಅಪ್ಪ ಚೀಟಿಯನ್ನು ಕೈಗೆ ತೆಗೆದುಕೊಂಡು, "ಅರವತ್ತು ಕಿಲೋಗೆ ಇಷ್ಟು ರಂಪವೇ?" ಎಂದರು. ಬಳ್ಳಾರಿಯ ಅದಿರು ಲಾರಿಗಳನ್ನು, ಎರಡೆರಡು ಟ್ರೇಲರ್ ಕಟ್ಟಿ ಆಕಾಶಕ್ಕೆ ಕಬ್ಬು ಪೇರಿಸಿಕೊಂಡು ಬರುವ ಟ್ರ್ಯಾಕ್ಟರ್‌ಗಳನ್ನು ನೋಡಿದ ಯಾರೇ ಆದರೂ ಕೇಳುವ ಪ್ರಶ್ನೆ ಇದು. ಭಾರತದಲ್ಲಿಯೂ ಕಾನೂನು ಮೃದುವಾಗಿಯೇನೂ ಇಲ್ಲ. 2019ರ ತಿದ್ದುಪಡಿಯಾದ ಮೇಲೆ ಮಿತಿ ಮೀರಿ ಹೇರಿದರೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಬ್ರಿಟನ್ನಿನಲ್ಲಿ 10 ಶೇಕಡಾದವರೆಗೆ ಮೀರಿದರೆ 100 ಪೌಂಡ್, 15ರವರೆಗೆ 200, 30ರವರೆಗೆ 300, ಅದಕ್ಕೂ ಮೇಲೆ ನ್ಯಾಯಾಲಯ. ನಮ್ಮದು 2 ಶೇಕಡಾದ ಒಳಗೆ. ದಂಡದ ಭಯವೊಂದೇ ಆಗಿದ್ದರೆ ನಾನೂ ಅಪ್ಪನ ಪಕ್ಷವೇ.

ಆದರೆ ಟಯರಿನ ಪಕ್ಕದಲ್ಲಿ 109 ಎಂಬ ಸಂಖ್ಯೆಯನ್ನು ಅಚ್ಚೊತ್ತಿರುತ್ತಾರೆ. ಅದು ಆ ಟಯರು ಹೊರಬಲ್ಲ ಭಾರದ ಸಂಕೇತ: 1,030 ಕಿಲೋ. ಎರಡು ಟಯರಿಗೆ 2,060. ಹಿಂದಿನ ಆಕ್ಸಲ್‌ನಲ್ಲಿ 2,040 ಇದ್ದರೆ 20 ಕಿಲೋ ಅಂತರವಿದೆಯಲ್ಲ ಎನ್ನಬಹುದು. ಎಡಕ್ಕೂ ಬಲಕ್ಕೂ ಭಾರ ಸಮನಾಗಿ ಹಂಚಿದ್ದರೆ ಮಾತ್ರ ಆ ಮಾತು ನಿಲ್ಲುತ್ತದೆ. ನಮ್ಮ ಗಾಡಿಯಲ್ಲಿ ಫ್ರಿಜ್, ಒಲೆ, ಪಾತ್ರೆಯ ಕಪಾಟು ಎಲ್ಲ ಒಂದೇ ಪಕ್ಕಕ್ಕಿವೆ. ಒಂದು ಟಯರು ಸಾವಿರ ಹೊತ್ತಾಗ ಇನ್ನೊಂದು 1,040 ಹೊತ್ತಿರುತ್ತದೆ. ಮೋಟರ್‌ವೇಯಲ್ಲಿ ಗಂಟೆಗಟ್ಟಲೆ ಬಿಸಿಯಾಗುತ್ತಾ ಓಡುವುದು ಆ ಟಯರು, ಅದರ ಮೇಲಿನ ಸೀಟಿನಲ್ಲಿ ಕೂತಿರುವುದು ಮಗ. ಹಲವು ಟನ್ ಹೊರುವ ಲಾರಿಗೆ 60 ಕಿಲೋ ಲೆಕ್ಕಕ್ಕಿಲ್ಲದಿರಬಹುದು. ಖಾಲಿ ಇದ್ದಾಗಲೇ ಮಿತಿಯ ಹತ್ತರಲ್ಲಿ ಒಂಬತ್ತು ಪಾಲು ತೂಗುವ ಗಾಡಿಗೆ ಹಾಗಲ್ಲ.

ಸೈಕಲ್ಲೋ ಅಕ್ಕಿಯೋ

ಏನನ್ನು ಇಳಿಸಬೇಕು? ಅಮ್ಮನ ಅಕ್ಕಿ ಮೂಟೆ 10 ಕಿಲೋ. ಸಣ್ಣ ಗ್ರೈಂಡರನ್ನು ಅವಳು ಆಗಲೇ ತಾನಾಗಿಯೇ ಮನೆಯಲ್ಲಿ ಬಿಟ್ಟು, ಹಿಟ್ಟನ್ನು ರುಬ್ಬಿ ಡಬ್ಬಿಗೆ ಹಾಕಿಕೊಂಡಿದ್ದಳು. ಕಬ್ಬಿಣದ ಕಾವಲಿ ಮಾತ್ರ ಯಾರ ಮಾತಿಗೂ ಇಳಿಯುವಂಥದಲ್ಲ. ಹಿಂಬದಿಯ ಚೌಕಟ್ಟಿನಲ್ಲಿ ಸೈಕಲ್ಲುಗಳು, ಎಲ್ಲ ಸೇರಿ 50 ಕಿಲೋ. ಅಕ್ಕಿಯನ್ನು ಇಳಿಸಿ ಸೈಕಲ್ ಒಯ್ಯುತ್ತೀರೇನು ಎಂದು ಅಮ್ಮ. ಅಕ್ಕಿ ಎಲ್ಲಿ ಬೇಕಾದರೂ ಸಿಗುತ್ತದೆ ಎಂದು ಮಕ್ಕಳು. ಇಬ್ಬರ ಮಾತಿನಲ್ಲೂ ಹುರುಳಿತ್ತು. ತೀರ್ಪು ಕೊಟ್ಟದ್ದು ಸನ್ನೆಗೋಲಿನ ನಿಯಮ.

ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ನಡುವೆ 4 ಮೀಟರ್ ಅಂತರ. ಸೈಕಲ್ಲುಗಳು ನೇತಾಡುವುದು ಹಿಂದಿನ ಆಕ್ಸಲ್‌ನಿಂದ ಇನ್ನೂ 2.6 ಮೀಟರ್ ಆಚೆಗೆ. ಹಿಂಬದಿಯ ತುದಿಯಲ್ಲಿ ಒತ್ತಿದರೆ ಮೂತಿ ಮೇಲೇಳುತ್ತದಲ್ಲ, ಆ ಮೇಲೆದ್ದ ಭಾರವನ್ನೂ ಹಿಂದಿನ ಆಕ್ಸಲ್ಲೇ ಹೊರಬೇಕು. 50ನ್ನು 6.6ರಿಂದ ಗುಣಿಸಿ 4ರಿಂದ ಭಾಗಿಸಿದರೆ 82. ಎಂದರೆ 50 ಕಿಲೋ ಸೈಕಲ್ಲುಗಳು ಹಿಂದಿನ ಆಕ್ಸಲ್ ಮೇಲೆ 82 ಕಿಲೋ ಹೇರುತ್ತವೆ, ಮುಂದಿನದರಿಂದ 32 ಕಿಲೋ ಕಿತ್ತುಕೊಳ್ಳುತ್ತವೆ. ನಮ್ಮದು ಮುಂದಿನ ಚಕ್ರಗಳಿಂದ ಓಡುವ ಗಾಡಿ. ಒದ್ದೆ ಹುಲ್ಲಿನ ಬಯಲಿನಿಂದ ಏರು ಹತ್ತುವಾಗ ಮುಂದೆ ಭಾರ ಇಲ್ಲದಿದ್ದರೆ ಚಕ್ರ ಸುಮ್ಮನೆ ತಿರುಗುತ್ತದೆ. ಅಮ್ಮನ ಅಕ್ಕಿಯೋ, ಎರಡು ಆಕ್ಸಲ್‌ಗಳ ನಡುವಿನ ಕಪಾಟಿನಲ್ಲಿ, ಎರಡಕ್ಕೂ ಭಾರ ಹಂಚಿಕೊಂಡು ಕೂತಿತ್ತು. ಕಿಲೋ ಒಂದೇ ಆದರೂ ಎಲ್ಲಿಟ್ಟಿರಿ ಎಂಬುದರ ಮೇಲೆ ಅದರ ಬೆಲೆ ಬದಲಾಗುತ್ತದೆ. ಮೋಟರ್‌ಹೋಮ್ ತಯಾರಕರು ಹಿಂಬದಿಯಲ್ಲಿ ದೊಡ್ಡ ‘ಗ್ಯಾರೇಜ್’ ಕಟ್ಟಿ, ಬೇಕಾದ್ದೆಲ್ಲ ತುಂಬಿಕೊಳ್ಳಿ ಎಂದು ಜಾಹೀರಾತು ಮಾಡುವುದನ್ನು ನೋಡಿದಾಗ ನನಗೆ ಈ 82 ನೆನಪಾಗುತ್ತದೆ.

ಸೈಕಲ್ಲುಗಳು ಇಳಿದವು. ಒಟ್ಟು 3,510, ಹಿಂದೆ ಸುಮಾರು 1,960. ಇನ್ನೂ 10 ಕಿಲೋ ಬಾಕಿ. ಆಗ ಅಮ್ಮನೇ ಅಕ್ಕಿ ಮೂಟೆಯನ್ನು ತೆಗೆದು ಮೆಟ್ಟಿಲ ಮೇಲಿಟ್ಟಳು. ಮಕ್ಕಳ ಮುಖ ನೋಡಿ ಇಟ್ಟದ್ದು, ಲೆಕ್ಕ ಕೇಳಿ ಅಲ್ಲ. ಅಪ್ಪನಿಗೆ ಸರಿಯಾಗಿ 3,500 ಎನ್ನುವುದು ಒಪ್ಪಿಗೆಯಾಗಲಿಲ್ಲ. "ಇವರ ಯಂತ್ರವೇ ಇಪ್ಪತ್ತರ ಲೆಕ್ಕದಲ್ಲಿ ಹೇಳುತ್ತದೆ, ಇಪ್ಪತ್ತಾದರೂ ಕೈಯಲ್ಲಿರಲಿ" ಎಂದು ಟ್ಯಾಂಕಿನಲ್ಲಿದ್ದ 20 ಲೀಟರ್ ನೀರನ್ನೂ ಬಿಡಿಸಿದರು. ತಂಗುವ ಜಾಗದಲ್ಲಿ ನಲ್ಲಿ ಇದ್ದೇ ಇರುತ್ತದೆ. ದಾರಿಗೆ ಎರಡು ಬಾಟಲಿ ಸಾಕು. ನೀರಿನ ವಿಷಯದಲ್ಲಿ ಇನ್ನೊಂದು ಮಾತು: ಬಳಸಿದ ನೀರು ಮಾಯವಾಗುವುದಿಲ್ಲ, ಕೊಳೆನೀರಿನ ಟ್ಯಾಂಕಿಗೆ ಇಳಿದು ಅಲ್ಲಿ ತೂಗುತ್ತಿರುತ್ತದೆ. ಜಾಗ ಬಿಡುವ ಮೊದಲು ಅದನ್ನೂ, ಶೌಚದ ಪೆಟ್ಟಿಗೆಯನ್ನೂ ಖಾಲಿ ಮಾಡಬೇಕು. ಅಕ್ಕಿ ಗ್ಲಾಸ್ಗೋದ ನಮ್ಮವರ ಅಂಗಡಿಯಲ್ಲಿ ಸಿಕ್ಕಿತು, ಸೈಕಲ್ ಕೆರೆಯ ದಂಡೆಯಲ್ಲಿ ಬಾಡಿಗೆಗೆ ಸಿಕ್ಕವು.

ಗೆರೆಯ ಆಚೆ ಈಚೆ

ಈ 3,500 ಎಂಬ ಮಿತಿ ಕಬ್ಬಿಣದ್ದಲ್ಲ ಎಂದು ನನಗೆ ತಿಳಿದದ್ದು ಪಕ್ಕದ ಮನೆಯ ನಿವೃತ್ತ ಅಂಚೆಯವರಿಂದ. ಅವರದ್ದೂ ಅದೇ ಚಾಸಿಯ ಗಾಡಿ. ಅವರ ಫಲಕದ ಮೇಲೆ 3,850 ಇದೆ. ಮುಂದಿನ ಆಕ್ಸಲ್‌ನ 1,850, ಹಿಂದಿನದರ 2,000 ಕೂಡಿಸಿ ನೋಡಿ. ಆಕ್ಸಲ್, ಬ್ರೇಕ್, ಸ್ಪ್ರಿಂಗ್ ಯಾವುದನ್ನೂ ಮುಟ್ಟದೆ, ಕಾಗದಪತ್ರ ಸಲ್ಲಿಸಿ ಹೊಸ ಫಲಕ ಹಾಕಿಸಿಕೊಂಡಿದ್ದಾರೆ. ಒಂದು ಬೋಲ್ಟೂ ಬದಲಾಗದೆ 350 ಕಿಲೋ ಹುಟ್ಟಿಕೊಂಡಿತು. ನಾನೂ ಹಾಗೇ ಮಾಡಿಸಬಹುದು, ಆದರೆ ಮಾಡಿಸಿದ ಮರುಕ್ಷಣ ನನ್ನ ಗಾಡಿಯನ್ನು ನಾನೇ ಓಡಿಸುವಂತಿಲ್ಲ.

ಕಾರಣ ಒಂದು ದಿನಾಂಕ. 1997ರ ಜನವರಿ 1ಕ್ಕೆ ಮೊದಲು ಬ್ರಿಟನ್ನಿನಲ್ಲಿ ಕಾರು ಓಡಿಸುವ ಪರೀಕ್ಷೆ ಪಾಸಾದವರಿಗೆ 7,500 ಕಿಲೋವರೆಗಿನ ವಾಹನದ ಹಕ್ಕು ತಾನಾಗಿಯೇ ಬಂದಿದೆ. ಆಮೇಲೆ ಪಾಸಾದವರಿಗೆ 3,500. ಭಾರತದ ಲೈಸೆನ್ಸನ್ನು ಇಲ್ಲಿ ಬದಲಾಯಿಸಿಕೊಡುವುದಿಲ್ಲ. ಬಂದ 12 ತಿಂಗಳು ಅದರಲ್ಲಿ ಓಡಿಸಿ, ಆಮೇಲೆ ಹೊಸದಾಗಿ ಪರೀಕ್ಷೆ ಬರೆಯಬೇಕು. ಸಾಫ್ಟ್‌ವೇರ್ ಕೆಲಸಕ್ಕೆಂದು 2000ದ ನಂತರ ಬಂದ ನಮ್ಮ ಪೀಳಿಗೆಯ ಕನ್ನಡಿಗರೆಲ್ಲ ಆ ಗೆರೆಯ ಈಚೆ. ಊರಿನಲ್ಲಿ ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿ ಬಂದಿದ್ದರೂ ಅಷ್ಟೇ. ಪಕ್ಕದ ಮನೆಯವರು ಸಣ್ಣ ಕಾರಿನಲ್ಲಿ ಪರೀಕ್ಷೆ ಕೊಟ್ಟವರು, ಲಾರಿ ಮುಟ್ಟಿದವರಲ್ಲ. ಅವರು ಗೆರೆಯ ಆಚೆ. ಹಾಗೆಂದು ಅವರಿಗೂ ಅದು ಶಾಶ್ವತವಲ್ಲ. 70 ತುಂಬಿದ ಮೇಲೆ ಆ ಹಕ್ಕು ಉಳಿಯಬೇಕಾದರೆ ವೈದ್ಯಕೀಯ ತಪಾಸಣೆ ಆಗಬೇಕು. ಆಗ ಕಣ್ಣು ಕೈಕೊಟ್ಟರೆ ಫಲಕವನ್ನು ಮತ್ತೆ 3,500ಕ್ಕೆ ಇಳಿಸಿ, ಸಾಮಾನನ್ನೂ ಇಳಿಸಿ ನಿನ್ನ ಜೊತೆ ಸೇರುತ್ತೇನೆ ಎಂದು ನಗುತ್ತಾರೆ. ಗೆರೆ ದಾಟಿದವರಿಗೆ ಬೇರೆ ತಾಪತ್ರಯಗಳೂ ಇವೆ: ಜರ್ಮನಿಯ ಆಟೋಬಾನ್‌ನಲ್ಲಿ ಗಂಟೆಗೆ 100 ಕಿಲೋಮೀಟರಿನ ಮಿತಿ, ಆಸ್ಟ್ರಿಯದಲ್ಲಿ ಕಾರುಗಳ ಟೋಲ್ ಚೀಟಿಯ ಬದಲು ಲಾರಿಗಳಂತೆ ಟೋಲ್ ಪೆಟ್ಟಿಗೆ.

ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ತಯಾರಕರ ಬಗ್ಗೆ. 3,500ರ ಲೈಸೆನ್ಸ್ ಇರುವವನೂ ಗಿರಾಕಿಯಾಗಬೇಕು, ಆರು ಹಾಸಿಗೆ ಬೇಕೆನ್ನುವವನೂ ಗಿರಾಕಿಯಾಗಬೇಕು. ಎರಡನ್ನೂ ಒಂದೇ ಗಾಡಿಯಲ್ಲಿ ತೋರಿಸುವ ಆಸೆಯಿಂದ ಆರನೆಯ ಸೀಟು ಹುಟ್ಟುತ್ತದೆ. ಅದು ಸುಳ್ಳಲ್ಲ, ಬೆಲ್ಟ್ ಇದೆ, ಪರೀಕ್ಷೆ ಆಗಿದೆ. ಆರು ಜನ ಬರಿಗೈಯಲ್ಲಿ ಬರುವುದಾದರೆ ಧಾರಾಳವಾಗಿ ಕೂರಬಹುದು.

ಹಳೆಯ ಮೋಟರ್‌ಹೋಮ್ ಕೊಳ್ಳಲು ಬರುವವರು ಇಲ್ಲಿ ತಪ್ಪದೆ ಕೇಳುವುದು ಎರಡು ಕಾಗದ: ಸರ್ವಿಸ್ ದಾಖಲೆ, ಗೋಡೆಗಳಿಗೆ ತೇವ ಇಳಿದಿಲ್ಲವೆಂಬ ವರದಿ. ತೂಕದ ಚೀಟಿ ಎಲ್ಲಿ ಎಂದು ಕೇಳಿದವರನ್ನು ನಾನು ನೋಡಿಲ್ಲ. ನನ್ನ ಗಾಡಿಯ ಖಾಲಿ ತೂಕದ ಚೀಟಿಯನ್ನೂ ತುಂಬಿದ ತೂಕದ ಚೀಟಿಯನ್ನೂ ಆ ಕಾಗದಗಳ ಜೊತೆಗೇ ಇಟ್ಟಿದ್ದೇನೆ. ಸೀಸದ ಎರಡು ಬ್ಯಾಟರಿಗಳಲ್ಲಿ ಒಂದನ್ನು ತೆಗೆದು ಲಿಥಿಯಂ ಹಾಕಿಸಿದರೆ ಹತ್ತು ಹನ್ನೆರಡು ಕಿಲೋ ಉಳಿಯುತ್ತದೆಂದು ಹೆಂಡತಿ ಲೆಕ್ಕ ಹಾಕಿದ್ದಾಳೆ. ಬಿಸಿಲು ಮರೆಯನ್ನು ಬಿಚ್ಚಿಸಿದರೆ ಇನ್ನೊಂದು 30. ಇಂಗ್ಲೆಂಡಿನಲ್ಲಿ ಅದನ್ನು ಬಿಸಿಲಿಗಿಂತ ಮಳೆಗೇ ಬಿಚ್ಚುವುದು, ಆದ್ದರಿಂದ ಅದು ಇರಲಿ ಎನ್ನುವವರ ಸಂಖ್ಯೆ ಮನೆಯಲ್ಲಿ ಹೆಚ್ಚು. ಮುಂದಿನ ಬೇಸಿಗೆಗೆ ಮೊದಲು ಮಕ್ಕಳನ್ನು ಮತ್ತೆ ತೂಗಬೇಕು. ಮಗ ಒಂದೇ ವರ್ಷದಲ್ಲಿ ಅಕ್ಕಿ ಮೂಟೆಯ ಅರ್ಧದಷ್ಟಾದರೂ ಬೆಳೆದಿದ್ದಾನೆ.